ಚೆಂಡು ಹಿಸುಕಿದ್ದು ಸಾಕು, ಕೈಗೆ ಕೆಲಸ ಕೊಡಿ

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮೊಣಕಾಲು ನೋವು, ಸೊಂಟ ನೋವುಗಳನ್ನು ಬದಿಗಿಟ್ಟು ಲಕ್ವ ಹೊಡೆದ ಕೈಯ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಿಂದ ಜನ ಒಂದೇ ಮಾತು ಬರೆದಿದ್ದಾರೆ: ‘ಕಾಲು ಬಂತು, ಕೈ ಬರಲಿಲ್ಲ.’ ಇದು ನಿಮ್ಮೊಬ್ಬರ ಹಣೆಬರಹವಲ್ಲ. ಲಕ್ವದಲ್ಲಿ ಹೆಚ್ಚಾಗಿ ಕೆಡುವುದು ಮಿದುಳಿನ ಮಧ್ಯ ಧಮನಿಯ ದಾರಿ. ಮುಖ ಮತ್ತು ಕೈಯನ್ನು ಆಡಿಸುವ ಭಾಗಕ್ಕೆ ರಕ್ತ ಹೋಗುವುದು ಅದರಿಂದ. ಕಾಲಿನ ಭಾಗಕ್ಕೆ ಬಹುಪಾಲು ಬೇರೆ ನಾಳವಿದೆ. ಅದಲ್ಲದೆ ಮೊಣಕಾಲು ಸೆಟೆದುಕೊಂಡಿದ್ದರೂ ಮನುಷ್ಯ ಹೇಗೋ ನಡೆದುಬಿಡುತ್ತಾನೆ. ಅಂಗಿಯ ಗುಂಡಿ ಹಾಕಬೇಕಾದರೆ ಬೆರಳುಗಳು ಒಂದೊಂದೂ ಹೇಳಿದ ಮಾತು ಕೇಳಬೇಕು.

ನನ್ನ ಯಜಮಾನರಿಗೆ 54 ವರ್ಷ, ಖಣ ನೇಯುತ್ತಾರೆ. ನಾಲ್ಕು ತಿಂಗಳ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆಯಿತು. ಈಗ ಎಡಗೈಯಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಭುಜದ ಮಟ್ಟದ ತನಕ ಏಳುತ್ತದೆ, ಮುಷ್ಟಿ ಕಟ್ಟುತ್ತಾರೆ, ಬೆರಳು ಅರ್ಧ ಬಿಚ್ಚುತ್ತವೆ. ವಾರಕ್ಕೆ ಮೂರು ಸಲ ಕರೆಂಟ್ ಕೊಡಿಸುತ್ತಿದ್ದೇವೆ. ಮನೆಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾರೆ. ಊಟ, ಸ್ನಾನ, ಮೊಬೈಲ್ ಎಲ್ಲ ಎಡಗೈಯಲ್ಲೇ. ಮತ್ತೆ ಮಗ್ಗಕ್ಕೆ ಕೂಡುತ್ತಾರೆಯೇ ಮೇಡಂ?
– ಹೆಸರು ಬೇಡ, ಗುಳೇದಗುಡ್ಡ

ಅಕ್ಕ, ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ‘ಬೆರಳು ಅರ್ಧ ಬಿಚ್ಚುತ್ತವೆ’ ಎಂಬ ಮಾತು. ಮುಷ್ಟಿ ಕಟ್ಟುವುದು ಸಾಮಾನ್ಯವಾಗಿ ಮೊದಲು ಬರುತ್ತದೆ. ಬಿಚ್ಚುವುದು ಬಂದವರ ಕೈ ಮುಂದೆ ಕೆಲಸಕ್ಕೆ ಬರುವ ಸಂಭವ ಹೆಚ್ಚು. ಇಷ್ಟು ಒಳ್ಳೆಯ ಸೂಚನೆ ಇರುವ ಕೈಗೆ ಆ ಚೆಂಡನ್ನೇಕೆ ಕೊಟ್ಟಿರಿ? ಲಕ್ವದವರನ್ನು ಮಾತಾಡಿಸಲು ಬರುವವರು ಬಾಳೆಹಣ್ಣಿನ ಜೊತೆಗೆ ಒಂದು ಚೆಂಡನ್ನೂ ತರಬೇಕೆಂದು ನಮ್ಮ ಕಡೆ ಯಾರು ಕಟ್ಟಳೆ ಮಾಡಿದರೋ ಕಾಣೆ. ಚೆಂಡೇನೂ ವಿಷವಲ್ಲ. ಆದರೆ ಅದು ಕಲಿಸುವುದು ಮುಚ್ಚುವುದನ್ನು. ನಿಮ್ಮವರಿಗೆ ಬೇಕಾಗಿರುವುದು ಬಿಚ್ಚುವುದು, ಹಿಡಿದದ್ದನ್ನು ಬಿಡುವುದು.

ಕೈ ಹೇಗೆ ಮರಳುತ್ತದೆ ಎಂಬುದನ್ನು ತಿಳಿದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸಿಗ್ನೆ ಬ್ರುನ್‌ಸ್ಟ್ರಾಮ್ ಎಂಬ ಫಿಸಿಯೋಥೆರಪಿಸ್ಟ್ ಈ ದಾರಿಯನ್ನು 6 ಹಂತಗಳಾಗಿ ಗುರುತಿಸಿದರು. ಮೊದಲು ಕೈ ಜೋತುಬೀಳುತ್ತದೆ. ಆಮೇಲೆ ಬಿಗಿತ ಬರುತ್ತದೆ. ಮುಂದೆ ಚಲನೆ ಬರುತ್ತದೆ, ಆದರೆ ಹಿಂಡು ಹಿಂಡಾಗಿ: ಕೈ ಎತ್ತಲು ಹೋದರೆ ಭುಜ ಕಿವಿಯ ಕಡೆಗೆ ಏರುತ್ತದೆ, ಮೊಣಕೈ ಮಡಚುತ್ತದೆ, ಬೆರಳು ಮುಚ್ಚಿಕೊಳ್ಳುತ್ತವೆ. ಒಂದನ್ನು ಕೇಳಿದರೆ ಎಲ್ಲವೂ ಕೂಡಿ ಬರುತ್ತವೆ. ಅದರ ಮುಂದಿನ ಹಂತಗಳಲ್ಲಿ ಆ ಹಿಂಡು ಒಡೆಯುತ್ತದೆ. ಮೊಣಕೈ ಚಾಚಿಕೊಂಡೇ ಬೆರಳು ಬಿಚ್ಚಲು ಬರುತ್ತದೆ. ಎಲ್ಲರೂ ಆರನೆಯ ಹಂತಕ್ಕೆ ಹೋಗುವುದಿಲ್ಲ, ಎಲ್ಲಿ ಬೇಕಾದರೂ ನಿಲ್ಲಬಹುದು. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಯಜಮಾನರು ಹಿಂಡು ಒಡೆಯುವ ಹೊಸ್ತಿಲಲ್ಲಿದ್ದಾರೆ.

ಇನ್ನು ಎಲ್ಲ ಕೆಲಸ ಎಡಗೈಯಲ್ಲೇ ಎಂಬ ಮಾತು. ಅಸಲು ತೊಂದರೆ ಇರುವುದು ಇಲ್ಲಿ. ಅಮೆರಿಕದ ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಮಂಗಗಳ ಒಂದು ಕೈಯ ಸ್ಪರ್ಶದ ನರಗಳನ್ನು ಕತ್ತರಿಸಿ ನೋಡಿದ. ಕೈಯನ್ನು ಆಡಿಸುವ ನರ ಸರಿಯಾಗಿಯೇ ಇತ್ತು, ಆದರೂ ಮಂಗ ಆ ಕೈಯನ್ನು ಬಿಟ್ಟೇಬಿಟ್ಟಿತು. ಚೆನ್ನಾಗಿದ್ದ ಕೈಯನ್ನು ಕಟ್ಟಿಹಾಕಿದಾಗ ಬಿಟ್ಟ ಕೈಯನ್ನು ಮತ್ತೆ ಬಳಸತೊಡಗಿತು. ಅಂದರೆ ಕೈ ಕೆಲಸಕ್ಕೆ ಬಾರದ್ದಕ್ಕೆ ನರದ ಪೆಟ್ಟು ಒಂದು ಕಾರಣವಾದರೆ, ಬಳಸದೆ ಬಿಟ್ಟ ರೂಢಿ ಇನ್ನೊಂದು ಕಾರಣ. ಆ ಪ್ರಯೋಗಗಳ ಕ್ರೌರ್ಯದ ಬಗ್ಗೆ ಅಮೆರಿಕದಲ್ಲಿ ಕೋರ್ಟಿನವರೆಗೂ ಜಗಳ ನಡೆಯಿತು, ಅದು ಬೇರೆ ಕಥೆ. ಅದರಿಂದ ಹುಟ್ಟಿದ ಚಿಕಿತ್ಸೆ ಮಾತ್ರ ಗಟ್ಟಿಯಾಗಿ ನಿಂತಿತು. ಲಕ್ವ ಹೊಡೆದು 3ರಿಂದ 9 ತಿಂಗಳಾಗಿದ್ದ 222 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ವಾರ, ಎಚ್ಚರವಿರುವ ಸಮಯದ ಶೇ 90ರಷ್ಟು ಹೊತ್ತು ಒಳ್ಳೆಯ ಕೈಗೆ ದಪ್ಪ ಗವಸು ಹಾಕಿಸಿ, ಸೋತ ಕೈಗೆ ದಿನಕ್ಕೆ 6 ಗಂಟೆಯವರೆಗೂ ತರಬೇತಿ ಕೊಟ್ಟರು. ಮಾಮೂಲಿ ಆರೈಕೆ ಪಡೆದವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು, ವರ್ಷದ ನಂತರವೂ ಆ ಸುಧಾರಣೆ ಉಳಿದಿತ್ತು. ಶರತ್ತು ಒಂದೇ: ಮಣಿಕಟ್ಟು ಮತ್ತು ಬೆರಳು ಸ್ವಲ್ಪವಾದರೂ ಹಿಂದಕ್ಕೆ ಏಳಬೇಕು. ನಿಮ್ಮ ಯಜಮಾನರಿಗೆ ಬೆರಳು ಬಿಚ್ಚುತ್ತವೆ, ಮಣಿಕಟ್ಟೂ ಏಳುತ್ತದೆಯೇ ನೋಡಿ.

ದಿನಕ್ಕೆ ಆರು ಗಂಟೆ ನಮ್ಮ ಮನೆಗಳಲ್ಲಿ ಆಗದ ಮಾತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಡಗೈಗೆ ಗವಸು ಹಾಕಿಸಿ. ದಪ್ಪ ಕಾಲುಚೀಲವಾದರೂ ನಡೆಯುತ್ತದೆ. ಕುಳಿತಾಗ ಮಾತ್ರ. ನಡೆಯುವಾಗ ಕೋಲು ಹಿಡಿಯುವುದು ಅದೇ ಕೈ, ಬಿದ್ದರೆ ಊರಿಕೊಳ್ಳುವುದೂ ಅದೇ ಕೈ. ಸ್ನಾನದ ಮನೆ, ಮೆಟ್ಟಿಲು, ಒಲೆಯ ಹತ್ತಿರ ಗವಸು ಬೇಡವೇ ಬೇಡ. ಶುರು ಮಾಡುವ ಮೊದಲು ಬಿಪಿ ಹತೋಟಿಯಲ್ಲಿದೆಯೇ ಎಂದು ನಿಮ್ಮ ವೈದ್ಯರಲ್ಲಿ ನೋಡಿಸಿ.

ಆ ಹೊತ್ತಿನಲ್ಲಿ ಏನು ಮಾಡಿಸಬೇಕು? ನಿಮ್ಮ ಮನೆಯಲ್ಲಿ ಇರುವುದನ್ನೇ. ಬೆನ್ನಿರುವ ಕುರ್ಚಿಯಲ್ಲಿ ಕೂಡಿಸಿ, ಎದೆಯನ್ನು ಕುರ್ಚಿಯ ಬೆನ್ನಿಗೆ ಹಳೆಯ ಸೀರೆಯಿಂದ ಸಡಿಲಾಗಿ ಕಟ್ಟಿ. ಇಲ್ಲದಿದ್ದರೆ ಅವರು ಕೈ ಚಾಚುವ ಬದಲು ಇಡೀ ಮೈಯನ್ನು ಮುಂದಕ್ಕೆ ಬಾಗಿಸಿ ಮುಟ್ಟುತ್ತಾರೆ, ನೀವು ‘ಮುಟ್ಟಿದರು’ ಎಂದು ಖುಷಿಪಡುತ್ತೀರಿ, ಮೊಣಕೈ ಇದ್ದಲ್ಲೇ ಇರುತ್ತದೆ. ಎದುರಿಗೆ ಒಂದು ಮಣೆ, ಅದರ ಮೇಲೆ ಎರಡು ಬುಟ್ಟಿ. ಒಂದರಲ್ಲಿ ಖಾಲಿ ಕಂಡಿಕೆಗಳು, ಅಂದರೆ ನೂಲು ಸುತ್ತುವ ಪುಟ್ಟ ಕೊಳವೆಗಳು. ಒಂದೊಂದನ್ನೇ ಹಿಡಿದು ಎತ್ತಿ ಇನ್ನೊಂದರಲ್ಲಿ ಬಿಡಬೇಕು. ಹಿಡಿಯುವಾಗ ಅವರನ್ನು ಹೊಗಳಬೇಡಿ, ಬಿಟ್ಟಾಗ ಹೊಗಳಿ. ಬೆರಳು ಬಿಡದಿದ್ದರೆ ಕಿತ್ತುಕೊಳ್ಳದೆ, ಮಣಿಕಟ್ಟನ್ನು ತುಸು ಕೆಳಕ್ಕೆ ಬಾಗಿಸಿ. ಬೆರಳು ತಾವಾಗಿಯೇ ಸಡಿಲವಾಗುತ್ತವೆ. ಕಂಡಿಕೆ ಸರಾಗವಾದ ಮೇಲೆ ಲಾಳಿ, ಲಾಳಿಯ ನಂತರ ಶೇಂಗಾ ಕಾಳು. ಸರಾಗವಾದದ್ದನ್ನೇ ಮಾಡಿಸುತ್ತ ಕೂಡಬೇಡಿ. ಬುಟ್ಟಿಯನ್ನು ಒಂದು ಗೇಣು ದೂರ ಸರಿಸಿ, ಇಲ್ಲವೇ ಎತ್ತರಿಸಿ.

ಎಷ್ಟು ಸಲ? ಅಮೆರಿಕದಲ್ಲಿ ಚಿಕಿತ್ಸೆಯ ಕೊಠಡಿಗಳಲ್ಲಿ ಕುಳಿತು ಎಣಿಸಿದ ಸಂಶೋಧಕರು 2009ರಲ್ಲಿ ಬರೆದದ್ದು: ಒಂದು ಭೇಟಿಯಲ್ಲಿ ರೋಗಿ ಕೈಯಿಂದ ಉಪಯೋಗದ ಚಲನೆ ಮಾಡುವುದು ಸರಾಸರಿ 32 ಸಲ. ಪ್ರಾಣಿಗಳ ಪ್ರಯೋಗದಲ್ಲಿ ಮಿದುಳು ಬದಲಾಗಲು ಬೇಕಾದದ್ದು ನೂರಾರು ಸಲ. ನಮ್ಮ ಕೊಠಡಿಗಳ ಲೆಕ್ಕ ಇದಕ್ಕಿಂತ ಬಹಳ ಮೇಲಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಉಳಿದದ್ದು ಮನೆಯಲ್ಲೇ ಆಗಬೇಕು.

ಕರೆಂಟ್ ನಿಲ್ಲಿಸಬೇಕಾಗಿಲ್ಲ, ಆದರೆ ಒಂದನ್ನು ನೋಡಿ. ಪಟ್ಟಿಗಳನ್ನು ಮುಂಗೈಯ ಹಿಂಬದಿಗೆ ಅಂಟಿಸಿ, ಕರೆಂಟ್ ಬಂದಾಗ ಮಣಿಕಟ್ಟು ಮೇಲಕ್ಕೆ ಏಳುತ್ತಿದೆಯೇ? ಏಳುವ ಹೊತ್ತಿಗೆ ಇವರೂ ಎತ್ತಲು ಪ್ರಯತ್ನಿಸುತ್ತಿದ್ದಾರೆಯೇ? ಹಾಗಿದ್ದರೆ ಪ್ರಯೋಜನವಿದೆ. ಗೋಡೆ ನೋಡುತ್ತ, ಮೊಬೈಲ್ ನೋಡುತ್ತ ಜುಮುಜುಮು ಅನ್ನಿಸಿಕೊಂಡು ಎದ್ದು ಬರುವ ಕರೆಂಟಿಗೆ ಬಸ್ ಚಾರ್ಜು ದಂಡ.

ಮಗ್ಗದ ಮಾತು. ಕೈಮಗ್ಗಕ್ಕೆ ಕೈ ಒಂದೇ ಸಾಲದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕುಣಿಗೆ ಕಾಲು ಇಳಿಬಿಟ್ಟು ಕುಳಿತು ಮತ್ತೆ ಏಳಬೇಕು, ಎರಡೂ ಕಾಲು ತುಳಿಯಬೇಕು, ಒಂದು ಕೈ ಹಗ್ಗ ಜಗ್ಗಬೇಕು, ಇನ್ನೊಂದು ಹಲಗೆ ಬಡಿಯಬೇಕು. ಕೆಲಸವನ್ನು ತುಂಡು ಮಾಡಿ ಮರಳಿಸಿ. ಮೊದಲು ರಾಟೆ ತಿರುಗಿಸಿ ಕಂಡಿಕೆ ಸುತ್ತಲಿ. ನಂತರ ಕುರ್ಚಿಯಲ್ಲಿ ಕುಳಿತೇ ಎದೆಯ ಮಟ್ಟದಲ್ಲಿ ಕಟ್ಟಿದ ಹಿಡಿಕೆಯನ್ನು ಜಗ್ಗಿ ಬಿಡುವುದನ್ನು ರೂಢಿ ಮಾಡಲಿ. ಭುಜ ನೋಯದೆ ಅದು ನಡೆದರೆ, ಪಕ್ಕದಲ್ಲಿ ಒಬ್ಬರು ನಿಂತು ಮಗ್ಗದ ಮೇಲೆ ಸ್ವಲ್ಪ ಹೊತ್ತು ಕೂಡಿಸಬಹುದು. ಹಳೆಯ ವೇಗ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಮನೆಯ ಮಗ್ಗದಲ್ಲಿ ಏನಾದರೂ ಒಂದು ಕೆಲಸ ಅವರ ಕೈಗೆ ಬರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ತಂದೆಗೆ ಲಕ್ವ ಹೊಡೆದು ಇಪ್ಪತ್ತು ದಿನ. ಎಡಗೈ ಪೂರ್ತಿ ಜೋತುಬಿದ್ದಿದೆ. ಹಾಸಿಗೆಯಿಂದ ಎಬ್ಬಿಸುವಾಗ ನಾನು, ತಮ್ಮ ಎರಡೂ ಕೈ ಹಿಡಿದು ಎತ್ತುತ್ತೇವೆ. ಊರಲ್ಲಿ ಒಬ್ಬರು ಹೇಳಿದರೆಂದು ಜಂತಿಗೆ ಗಾಲಿ ಕಟ್ಟಿ, ಹಗ್ಗದಿಂದ ಬಲಗೈಯಿಂದ ಎಡಗೈಯನ್ನು ಮೇಲಕ್ಕೆ ಎಳೆಸುತ್ತಿದ್ದೇವೆ. ಈಗ ಭುಜ ಮುಟ್ಟಿಸಿಕೊಳ್ಳುತ್ತಿಲ್ಲ, ಅಷ್ಟು ನೋವು. ಕೈ ಬರುತ್ತದೆಯೇ?
– ಇಂಡಿ ತಾಲ್ಲೂಕಿನ ಓದುಗ

ತಮ್ಮಾ, ಇದನ್ನು ಓದಿದ ಕೂಡಲೇ ಎದ್ದು ಹೋಗಿ ಆ ಗಾಲಿಯನ್ನು ಬಿಚ್ಚಿ. ಉಳಿದದ್ದನ್ನು ಆಮೇಲೆ ಓದಬಹುದು.

ಭುಜದ ಕೀಲು ಆಳವಿಲ್ಲದ್ದು. ತಟ್ಟೆಯ ಮೇಲೆ ಲಿಂಬೆಹಣ್ಣು ಇಟ್ಟ ಹಾಗೆ ತೋಳಿನ ಮೂಳೆ ನಿಂತಿರುತ್ತದೆ, ಸುತ್ತಲಿನ ಸ್ನಾಯುಗಳು ಅದನ್ನು ಹಿಡಿದಿರುತ್ತವೆ. ಲಕ್ವದಲ್ಲಿ ಆ ಸ್ನಾಯುಗಳೇ ಸಡಿಲವಾದಾಗ ತೋಳಿನ ಭಾರಕ್ಕೆ ಕೀಲು ಕೆಳಕ್ಕೆ ಜಾರುತ್ತದೆ. ಭುಜದ ತುದಿಯ ಮೂಳೆಯ ಕೆಳಗೆ ಬೆರಳಿಟ್ಟು ನೋಡಿ, ಬಲಗಡೆ ಇಲ್ಲದ ಒಂದು ತಗ್ಗು ಎಡಗಡೆ ಸಿಗಬಹುದು. ಅಂಥ ಕೈ ಹಿಡಿದು ಜಗ್ಗಿದರೆ, ಗಾಲಿಯಿಂದ ತಲೆಯ ಮೇಲಕ್ಕೆ ಎಳೆದರೆ, ಒಳಗಿನ ಮಾಂಸ ಎಲುಬಿನ ನಡುವೆ ಸಿಕ್ಕು ನಜ್ಜಾಗುತ್ತದೆ. ಗಾಲಿ ಹಗ್ಗದ ವ್ಯಾಯಾಮದಿಂದ ಲಕ್ವದವರಲ್ಲಿ ಭುಜ ನೋವು ಹೆಚ್ಚುತ್ತದೆ ಎಂಬುದು ಹಳೆಯ ತಿಳಿವಳಿಕೆ. ಆದರೂ ಆ ಗಾಲಿ ಹಳ್ಳಿಗಳಲ್ಲಿ ಮಾತ್ರವಲ್ಲ, ಕೆಲವು ಚಿಕಿತ್ಸಾ ಕೊಠಡಿಗಳಲ್ಲೂ ಇನ್ನೂ ತೂಗಾಡುತ್ತಿದೆ.

ಎಬ್ಬಿಸುವುದು ಹೀಗೆ: ನಡುವಿಗೆ ಒಂದು ಧೋತರ ಸುತ್ತಿ ಗಂಟು ಹಾಕಿ, ಅದನ್ನು ಹಿಡಿದು ಎತ್ತಿ. ಕಂಕುಳಿಗೆ ಕೈ ಹಾಕುವುದೂ ಬೇಡ. ಕುಳಿತಾಗ ಎಡಗೈಯ ಕೆಳಗೆ ಮೊಣಕೈಯಿಂದ ಬೆರಳ ತನಕ ದಿಂಬು ಇರಲಿ, ಅಂಗೈ ಬಿಚ್ಚಿರಲಿ. ಕೊರಳಿಗೆ ಕಟ್ಟುವ ಜೋಳಿಗೆ ನಿಂತಾಗ, ನಡೆಯುವಾಗ ಮಾತ್ರ. ದಿನವಿಡೀ ಹಾಕಿದರೆ ಮೊಣಕೈ ಮಡಚಿದ ಹಾಗೆಯೇ ಬಿಗಿಯಾಗುತ್ತದೆ. ಎಡಗಡೆ ಹೊರಳಿ ಮಲಗಬಹುದು. ಮೈಭಾರ ಕೀಲಿನ ಮೇಲೆ ಬೀಳದಂತೆ ಹೆಗಲ ಮೂಳೆಯನ್ನು ಮುಂದಕ್ಕೆ ತಂದು ಕೈಯನ್ನು ಚಾಚಿ ಇಡಿ. ಈಗ ಇಷ್ಟು ನೋವಿರುವುದರಿಂದ ಮೊದಲು ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಭುಜದ ಮಟ್ಟದ ಮೇಲೆ ಕೈ ಎತ್ತಿಸಬೇಡಿ. ಅಂಗೈ ಊದಿ, ಕೆಂಪಾಗಿ, ಮಿರಮಿರ ಹೊಳೆದು, ಬೆರಳು ಮಡಚಿದರೆ ಚೀರುವಂತಾದರೆ ಅದು ಭುಜ–ಹಸ್ತ ಎರಡಕ್ಕೂ ಬರುವ ಬೇರೆಯೇ ತೊಂದರೆ, ದಿನ ದೂಡಬೇಡಿ. ಬಿಸಿನೀರಿನ ಚೀಲ ಇಡುವ ಮೊದಲು ಸ್ಪರ್ಶ ಇದೆಯೇ ನೋಡಿ. ಸುಟ್ಟರೂ ಗೊತ್ತಾಗದ ಕೈ ಅದು.

ಎಡಭಾಗದ ಲಕ್ವದಲ್ಲಿ ಇನ್ನೊಂದನ್ನು ಗಮನಿಸಬೇಕು. ಕೆಲವರಿಗೆ ಎಡಗಡೆ ಎಂಬ ಜಗತ್ತೇ ಮರೆತುಹೋಗುತ್ತದೆ: ತಾಟಿನ ಎಡಭಾಗದ ಪಲ್ಯ ಹಾಗೇ ಉಳಿಯುತ್ತದೆ, ಎಡಗೈ ಮೈಯಡಿ ಸಿಕ್ಕರೂ ತಿಳಿಯುವುದಿಲ್ಲ. ಹಾಗೆ ಕಂಡರೆ ನೀವು ಎಡಗಡೆಯಿಂದ ಮಾತಾಡಿಸಿ, ಚಹಾದ ಕಪ್ಪನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಇಡಿ, ಅವರ ಬಲಗೈಯಿಂದಲೇ ಎಡಗೈಯನ್ನು ಸವರಿಸಿ.

ಕೈ ಬರುತ್ತದೆಯೇ ಎಂದು ಕೇಳಿದ್ದೀರಿ. ನೆದರ್ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ತೋರಿಸಿದಂತೆ, ಲಕ್ವ ಹೊಡೆದ 72 ಗಂಟೆಯೊಳಗೆ ಬೆರಳು ಸ್ವಲ್ಪ ಬಿಚ್ಚಿ, ಭುಜ ಸ್ವಲ್ಪ ಪಕ್ಕಕ್ಕೆ ಎದ್ದರೆ, ಆರು ತಿಂಗಳಲ್ಲಿ ಕೈಗೆ ಒಂದಿಷ್ಟು ಚಳಕ ಬರುವ ಸಂಭವ ಶೇ 98. ಎರಡೂ ಇಲ್ಲದಿದ್ದರೆ ಶೇ 25. ನಿಮ್ಮ ತಂದೆಗೆ ಇಪ್ಪತ್ತು ದಿನಕ್ಕೂ ಮಿಸುಕಾಟ ಇಲ್ಲ ಎನ್ನುತ್ತೀರಿ. ದಾರಿ ಕಠಿಣ, ಮುಚ್ಚಿಲ್ಲ. ಮೊದಲ ಮೂರು ತಿಂಗಳು ಬಹಳ ಬೆಲೆಯುಳ್ಳವು. ನೋವಿಲ್ಲದ ಭುಜವನ್ನು ಕಾಪಾಡಿಕೊಂಡರೆ ನಾಳೆ ಬರುವ ಚಲನೆಗೆ ಜಾಗ ಇರುತ್ತದೆ. ನೋವು ಇಳಿದ ಮೇಲೆ ಅಂಗೈಯನ್ನು ಮಂಚದ ಮೇಲೆ ಊರಿಸಿ ಸ್ವಲ್ಪ ಭಾರ ಹಾಕಿಸುವುದು, ಕೈಯನ್ನು ಮೇಜಿನ ಮೇಲೆ ಬಟ್ಟೆಯಿಟ್ಟು ಜಾರಿಸಲು ಪ್ರಯತ್ನಿಸುವುದು, ಕಣ್ಣು ಮುಚ್ಚಿ ಆ ಕೈಯಿಂದ ಲೋಟ ಎತ್ತಿದಂತೆ ಮನಸ್ಸಿನಲ್ಲೇ ಮಾಡುವುದು, ಇವನ್ನು ಫಿಸಿಯೋಥೆರಪಿಸ್ಟ್ ಕಣ್ಣೆದುರು ಶುರು ಮಾಡಿ.

ಪಾರಿವಾಳದ ರಕ್ತ ಬಿಸಿಬಿಸಿಯಾಗಿ ಹಚ್ಚಿದರೆ ಲಕ್ವದ ಕೈ ಏಳುತ್ತದಂತೆ. ಮಾವನವರಿಗೆ ಮಾಡಿಸಬಹುದೇ?
– ಜಮಖಂಡಿ

ಬೇಡಮ್ಮ. ಪೆಟ್ಟು ಬಿದ್ದಿರುವುದು ಮಿದುಳಿಗೆ. ತೊಗಲ ಮೇಲೆ ಏನು ಹಚ್ಚಿದರೂ ಅಲ್ಲಿಗೆ ಹೋಗುವುದಿಲ್ಲ. ಮೊದಲ ವಾರಗಳಲ್ಲಿ ಕೈ ತಾನಾಗಿ ಸ್ವಲ್ಪ ಬರುವುದುಂಟು, ಆಗ ಹೆಸರು ಪಾರಿವಾಳಕ್ಕೆ ಹೋಗುತ್ತದೆ. ಎಣ್ಣೆ ಹಚ್ಚಿ ಹಗುರಾಗಿ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ, ತೊಗಲಿಗೆ ಹಿತ, ಮಗಳೋ ಸೊಸೆಯೋ ಹತ್ತಿರ ಕುಳಿತ ಸಮಾಧಾನ. ಭುಜವನ್ನು ಲಟಕಿಸುವವರ ಕೈಗೆ ಮಾತ್ರ ಕೊಡಬೇಡಿ, ಬಿಪಿ ಮಾತ್ರೆ ಬಿಡಿಸುವವರ ಮನೆ ಬಾಗಿಲಿಗೇ ಹೋಗಬೇಡಿ.

ನಾನು ನಿವೃತ್ತ ಶಿಕ್ಷಕ. ಏಳು ತಿಂಗಳ ಹಿಂದೆ ಎಡಗೈಗೆ ಲಕ್ವ. ಅಂತರ್ಜಾಲದಲ್ಲಿ ಓದಿದಷ್ಟೂ ಗೊಂದಲ: ಬೊಬಾತ್, ಪಿಎನ್ಎಫ್, ಕನ್ನಡಿ ಚಿಕಿತ್ಸೆ, ರೋಬಾಟ್. ದೊಡ್ಡ ನಗರಕ್ಕೆ ಹೋಗಿ ರೋಬಾಟ್ ಚಿಕಿತ್ಸೆ ಪಡೆಯಲು ಮಗ ಹೇಳುತ್ತಿದ್ದಾನೆ. ಯಾವ ಪದ್ಧತಿ ಶ್ರೇಷ್ಠ?
– ಟಿಳಕವಾಡಿ, ಬೆಳಗಾವಿ

ಗುರುಗಳೇ, ನಮ್ಮ ವೃತ್ತಿಯಲ್ಲೂ ಮಠಗಳಿವೆ, ಶಿಷ್ಯರಿದ್ದಾರೆ, ಜಗಳಗಳಿವೆ. ಬರ್ಲಿನ್‌ನಿಂದ ಲಂಡನ್ನಿಗೆ ಬಂದ ಬರ್ಟಾ ಬೊಬಾತ್ 1943ರಲ್ಲಿ ಲಕ್ವ ಹೊಡೆದ ಒಬ್ಬ ಭಾವಚಿತ್ರ ಕಲಾವಿದರ ಕೈಗೆ ಚಿಕಿತ್ಸೆ ಕೊಡುತ್ತ ತಮ್ಮ ದಾರಿ ಕಂಡುಕೊಂಡರು: ಬಿಗಿತವನ್ನು ಇಳಿಸಿ, ಸರಿಯಾದ ಚಲನೆಯನ್ನು ಕೈಹಿಡಿದು ಕಲಿಸುವುದು. ಅದೇ ದಶಕದಲ್ಲಿ ಅಮೆರಿಕದಲ್ಲಿ ಹರ್ಮನ್ ಕಬಾಟ್ ಮತ್ತು ಮ್ಯಾಗಿ ನಾಟ್ ಓರೆಯಾಗಿ, ತಿರುಚುತ್ತ ಸಾಗುವ ಚಲನೆಗಳ ಪಿಎನ್ಎಫ್ ಕಟ್ಟಿದರು. ಬ್ರುನ್‌ಸ್ಟ್ರಾಮ್ ಹಿಂಡು ಚಲನೆಯನ್ನು ಮೊದಲು ಬಳಸಿಕೊಳ್ಳಿ ಎಂದರೆ, ಬೊಬಾತ್ ಅದನ್ನು ಬರಗೊಡಬೇಡಿ ಎಂದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್, ಲೋಟ ಎತ್ತುವುದನ್ನು ಕಲಿಯಬೇಕಾದರೆ ಲೋಟವನ್ನೇ ಎತ್ತಿ ಎಂದರು. ನಾನು ಈ ಕೊನೆಯವರ ಕಡೆಯವಳು. ಮುಂದೆ ಬಂದ ಅಧ್ಯಯನಗಳೂ ಬಹುಮಟ್ಟಿಗೆ ಅತ್ತಲೇ ವಾಲಿವೆ: ಬೊಬಾತ್ ಪದ್ಧತಿ ಬೇರೆಯವಕ್ಕಿಂತ ಮೇಲು ಎಂದು ಸಾಬೀತಾಗಿಲ್ಲ, ಕೆಲಸ ಮಾಡಿಯೇ ಕೆಲಸ ಕಲಿಯುವ ಅಭ್ಯಾಸಕ್ಕೆ ಬೆಂಬಲ ಹೆಚ್ಚಿದೆ. ಹಾಗೆಂದು ನಿಮ್ಮ ಥೆರಪಿಸ್ಟ್ ಬೊಬಾತ್ ಹೇಳಿದರೆ ಓಡಿ ಬರಬೇಡಿ. ಚಿಕಿತ್ಸೆಯ ಒಂದು ಗಂಟೆಯಲ್ಲಿ ನಿಮ್ಮ ಎಡಗೈ ತಾನೇ ಎಷ್ಟು ಹೊತ್ತು ಕೆಲಸ ಮಾಡಿತು, ಅವರು ಎಷ್ಟು ಹೊತ್ತು ಅದನ್ನು ಆಡಿಸಿದರು ಎಂಬುದನ್ನು ನೋಡಿ ಅಳೆಯಿರಿ.

ರೋಬಾಟ್ ವಿಚಾರ. ಬ್ರಿಟನ್‌ನಲ್ಲಿ 770 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ರೋಬಾಟ್ ಕೈಹಿಡಿದು ಆಡಿಸಿದವರ ಕೈಯ ಉಪಯೋಗ, ಮಾಮೂಲಿ ಆರೈಕೆ ಪಡೆದವರಿಗಿಂತ ಹೆಚ್ಚಲಿಲ್ಲ. ಮಗನ ಪ್ರೀತಿ ದೊಡ್ಡದು, ಆದರೆ ಆ ದುಡ್ಡಿನಲ್ಲಿ ಬೆಳಗಾವಿಯಲ್ಲೇ ತಿಂಗಳುಗಟ್ಟಲೆ ಒಳ್ಳೆಯ ಚಿಕಿತ್ಸೆ ಸಿಗುತ್ತದೆ. ಫಿಸಿಯೋಥೆರಪಿ ಕಾಲೇಜು ಇರುವ ಊರು ನಿಮ್ಮದು.

ಕನ್ನಡಿಯದು ಮಾತ್ರ ಖರ್ಚು ಕಡಿಮೆ, ಪ್ರಯೋಜನ ಇದೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕತ್ತರಿಸಿದ ಕೈಯಲ್ಲಿ ನೋವು ಎನ್ನುವವರಿಗೆ ಕನ್ನಡಿ ತೋರಿಸಿ ನೋಡಿದರು. 1999ರಲ್ಲಿ ಅದನ್ನು ಲಕ್ವದವರ ಮೇಲೂ ಪ್ರಯೋಗಿಸಿದರು. ಗಾಜಿನ ಅಂಗಡಿಯಲ್ಲಿ ಒಂದೂವರೆ ಅಡಿ ಅಗಲ, ಎರಡಡಿ ಉದ್ದದ ಕನ್ನಡಿ ಕೊಯ್ಯಿಸಿ, ಅಂಚಿಗೆ ಟೇಪು ಸುತ್ತಿಸಿ. ಮೇಜಿನ ಮೇಲೆ ನಿಮ್ಮ ಎದೆಯ ನೇರಕ್ಕೆ, ಬಲಕ್ಕೆ ಮುಖ ಮಾಡಿ, ನೆಟ್ಟಗೆ ನಿಲ್ಲಿಸಿ. ಎಡಗೈ ಅದರ ಹಿಂದೆ, ಕಣ್ಣಿಗೆ ಬೀಳದಂತೆ. ಬಲಗೈಯ ಗಡಿಯಾರ, ಉಂಗುರ ತೆಗೆದಿಡಿ. ಎಡಗೈಯಲ್ಲಿ ಇಲ್ಲದ ಉಂಗುರ ಕನ್ನಡಿಯೊಳಗಿನ ಕೈಯಲ್ಲಿ ಕಂಡರೆ ಮಿದುಳು ನಂಬುವುದಿಲ್ಲ. ಈಗ ಕನ್ನಡಿಯೊಳಗೆ ನೋಡುತ್ತ ಬಲಗೈ ಮುಷ್ಟಿ ಕಟ್ಟಿ ಬಿಚ್ಚಿ, ಅಂಗೈ ಮೇಲೆ ಕೆಳಗೆ ಮಾಡಿ, ಮಣಿಕಟ್ಟು ಎತ್ತಿ. ಹಿಂದೆ ಇರುವ ಎಡಗೈಯೂ ಅದನ್ನೇ ಮಾಡಲಿ, ಆದಷ್ಟು. ದಿನಕ್ಕೆ ಅರ್ಧ ಗಂಟೆ, ನಾಲ್ಕು ವಾರ ಮಾಡಿ ನೋಡಿ. ತಲೆ ತಿರುಗಿದರೆ, ಹೊಟ್ಟೆ ತೊಳಸಿದರೆ ನಿಲ್ಲಿಸಿ. ಇದು ಉಳಿದ ಅಭ್ಯಾಸದ ಜೊತೆಗೆ, ಅದರ ಬದಲಿಗೆ ಅಲ್ಲ.

ಅಣ್ಣನಿಗೆ ಲಕ್ವ ಹೊಡೆದು ಎರಡು ವರ್ಷ. ಬಲ ಮುಷ್ಟಿ ಎಷ್ಟು ಬಿಗಿಯಾಗಿದೆ ಎಂದರೆ ಉಗುರು ಅಂಗೈಗೆ ಚುಚ್ಚುತ್ತದೆ, ಒಳಗೆ ವಾಸನೆ. ಬಿಚ್ಚಲು ಹೋದರೆ ಇನ್ನೂ ಬಿಗಿಹಿಡಿಯುತ್ತಾನೆ. ಇನ್ನು ಏನೂ ಮಾಡಲಾಗುವುದಿಲ್ಲವೇ?
– ಮುಧೋಳ

ಮಾಡಬಹುದು. ಬೆರಳ ತುದಿ ಹಿಡಿದು ಮೇಲಕ್ಕೆ ಎಳೆಯುವುದನ್ನು ಮೊದಲು ಬಿಡಿ, ಎಳೆದಷ್ಟೂ ಬಿಗಿಯುತ್ತದೆ. ಮೊಣಕೈಯನ್ನು ದಿಂಬಿನ ಮೇಲಿಟ್ಟು ಮಣಿಕಟ್ಟನ್ನು ಒಳಕ್ಕೆ ಬಾಗಿಸಿ. ಹೆಬ್ಬೆರಳನ್ನು ಅದರ ಬುಡದ ಮಾಂಸದಿಂದ ಹಿಡಿದು ನಿಧಾನವಾಗಿ ಹೊರಕ್ಕೆ ತನ್ನಿ. ಆಗ ಉಳಿದ ಬೆರಳು ಸಡಿಲುತ್ತವೆ. ಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ ಒಣಗಿಸಿ, ಉಗುರು ಕತ್ತರಿಸಿ, ಅಂಗೈಯಲ್ಲಿ ಸುತ್ತಿದ ಮೆತ್ತನೆಯ ಬಟ್ಟೆ ಇಡಿ. ಬಿಗಿತ ಇತ್ತೀಚೆಗೆ ಒಮ್ಮೆಲೇ ಏರಿದ್ದರೆ ಬೇರೆಲ್ಲೋ ಕಾರಣ ಹುಡುಕಬೇಕು: ಮೂತ್ರದ ಸೋಂಕು, ಮಲಬದ್ಧತೆ, ಬೆನ್ನ ಹುಣ್ಣು, ಕೊನೆಗೆ ಆ ಉಗುರಿನ ಗಾಯ ಕೂಡ ಬಿಗಿತ ಹೆಚ್ಚಿಸುತ್ತದೆ.

ಬೊಟುಲಿನಂ ಎಂಬ ಇಂಜೆಕ್ಷನ್ ಇದೆ, ಬಿಗಿದ ಸ್ನಾಯುವಿಗೇ ಕೊಡುತ್ತಾರೆ. ಒಂದೆರಡು ವಾರದಲ್ಲಿ ಸಡಿಲವಾಗುತ್ತದೆ, ಸುಮಾರು ಮೂರು ತಿಂಗಳು ಇರುತ್ತದೆ. ದುಬಾರಿ. ಆ ಮೂರು ತಿಂಗಳನ್ನು ಎಳೆತ, ಬೆರಳು ಬಿಚ್ಚಿ ಇಡುವ ಆಧಾರದ ಪಟ್ಟಿ, ಅಭ್ಯಾಸಕ್ಕೆ ಬಳಸದಿದ್ದರೆ ದುಡ್ಡು ನೀರಿಗೆ. ನರರೋಗ ತಜ್ಞರನ್ನು ಕೇಳಿ. ಎರಡು ವರ್ಷದ ಮೇಲೆ ಏನೂ ಬರುವುದಿಲ್ಲ ಎಂಬುದು ಸುಳ್ಳು. ಟೌಬ್ ತನ್ನ ಚಿಕಿತ್ಸೆಯನ್ನು ಮೊದಲು ಮಾಡಿದ್ದು ಲಕ್ವ ಹೊಡೆದು ವರ್ಷ ದಾಟಿದವರ ಮೇಲೆಯೇ. ಆದರೆ ನಿಮ್ಮ ಅಣ್ಣನ ವಿಚಾರದಲ್ಲಿ ಸದ್ಯದ ಗುರಿ ತೊಳೆಯಲು ಬರುವ, ಅಂಗಿಯ ತೋಳಿಗೆ ಸಲೀಸಾಗಿ ಹೋಗುವ ಕೈ. ಅದು ಸಣ್ಣ ಗುರಿಯಲ್ಲ, ತೊಡಿಸುವವರನ್ನು ಕೇಳಿ ನೋಡಿ.

ಅತ್ತೆಗೆ 61. ಎಂಟು ತಿಂಗಳಾಯಿತು, ಎಡಗೈ ಸ್ವಲ್ಪ ಆಡುತ್ತದೆ. ವ್ಯಾಯಾಮ ಎಂದರೆ ಮುಖ ತಿರುಗಿಸುತ್ತಾರೆ. ನಾನು ರೊಟ್ಟಿ ಬಡಿಯುವಾಗ ಬಂದು ಕುಳಿತು ಕಣ್ಣೀರು ಹಾಕುತ್ತಾರೆ. ರೊಟ್ಟಿ ಬಡಿಯುವುದನ್ನೇ ವ್ಯಾಯಾಮ ಮಾಡಿಸಬಹುದೇ? ಮೈದುನ ಬೇಡ, ಸುಮ್ಮನೆ ಕೂಡಲಿ ಎನ್ನುತ್ತಾರೆ.
– ಬೈಲಹೊಂಗಲ

ತಂಗೀ, ಇಂಥ ಪ್ರಶ್ನೆಗೆ ಕಾಯುತ್ತಿದ್ದೆ. ಮಾಡಿಸಿ. ಹಿಟ್ಟು ನಾದುವುದರಲ್ಲಿ ಅಂಗೈ ಬಿಚ್ಚಿ ಮಣಿಕಟ್ಟು ಹಿಂದಕ್ಕೆ ಬಾಗಿಸಿ ಮೈಭಾರ ಹಾಕಬೇಕು, ನಾವು ಕೊಠಡಿಯಲ್ಲಿ ಮಾಡಿಸುವುದೂ ಅದೇ. ಬಿಸಿನೀರು ಹಾಕಿ ಕಲಸಿದ ಹಿಟ್ಟು ಆರುವ ತನಕ ಅತ್ತೆಯ ಕೈಗೆ ಕೊಡಬೇಡಿ. ಮೇಜಿನ ಮೇಲೆ ಪರಾತ ಇಟ್ಟು, ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಬಲಗೈಯನ್ನು ಎಡಗೈ ಮೇಲಿಟ್ಟು ಎರಡೂ ಕೂಡಿ ನಾದಲಿ. ಉಂಡೆ ಕಟ್ಟುವಾಗ ಹಿಟ್ಟು ಎಡ ಅಂಗೈಯಲ್ಲಿ ಇರಲಿ, ಬಲಗೈ ಉರುಟು ಮಾಡಲಿ. ಬಡಿಯುವಾಗ ಎಡಗೈ ಬಡಿಯಲಿ, ಬಲಗೈ ತಿರುಗಿಸಲಿ. ಬಡಿತದಲ್ಲಿ ಏಟು ಮುಖ್ಯವಲ್ಲ, ಪ್ರತಿ ಸಲ ಕೈ ಎತ್ತಿದಾಗ ಬೆರಳು ಬಿಚ್ಚಿರಬೇಕು. ಮುಚ್ಚಿಕೊಳ್ಳತೊಡಗಿದರೆ ದಣಿದಿದ್ದಾರೆ ಎಂದರ್ಥ, ಎದ್ದು ಚಹಾ ಕುಡಿಯಲಿ. ಹಂಚು ಮತ್ತು ಒಲೆ ನಿಮ್ಮದು, ಅದರಲ್ಲಿ ರಾಜಿ ಇಲ್ಲ. ಆ ದಿನದ ಒಂದಾದರೂ ರೊಟ್ಟಿ ಅವರದಾಗಿರಲಿ, ಹರಿದಿದ್ದರೂ ಮೈದುನರ ತಾಟಿಗೇ ಬಡಿಸಿ.

ಕಣ್ಣೀರಿನ ಬಗ್ಗೆ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧವಿದೆ, ಅದು ಗುಣವಾಗದೆ ಕೈಯ ಅಭ್ಯಾಸವೂ ಮುಂದೆ ಹೋಗುವುದಿಲ್ಲ. ನಿದ್ದೆ ಊಟ ಕೆಟ್ಟಿದ್ದರೆ ಬರುವ ತಿಂಗಳ ಬಿಪಿ ತಪಾಸಣೆಯಲ್ಲಿ ಇದನ್ನೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ನಮ್ಮ ಹಳ್ಳಿಯಿಂದ ವಾರಕ್ಕೊಮ್ಮೆ ಮಾತ್ರ ವಿಜಯಪುರಕ್ಕೆ ಬರಲು ಸಾಧ್ಯ. ಉಳಿದ ದಿನ ಮನೆಯವರೇ ಮಾಡಿಸಿದರೆ ಸಾಕೇ?
– ತಾಳಿಕೋಟೆ

ವಾರಕ್ಕೊಮ್ಮೆ ತಪ್ಪದೆ ಬಂದರೆ ಸಾಗುತ್ತದೆ, ‘ಮನೆಯವರೇ ಸಾಕು’ ಎಂದು ಅದನ್ನೂ ನಿಲ್ಲಿಸಿದರೆ ಸಾಗದು. ಭಾರತದ 14 ಆಸ್ಪತ್ರೆಗಳಲ್ಲಿ 1250 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸಿದ್ದರಿಂದ ಆರು ತಿಂಗಳ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ನಾನು ಇದನ್ನು ಓದುವುದಿಲ್ಲ. ಯಾವಾಗ ಬುಟ್ಟಿ ದೂರ ಸರಿಸಬೇಕು, ಯಾವಾಗ ಭುಜ ಕೆಡುತ್ತಿದೆ ಎಂದು ನೋಡುವ ಕಣ್ಣು ಮೇಲಿಂದ ಮೇಲೆ ಬೇಕು.

ಆ ಒಂದು ದಿನದ ಭೇಟಿಯನ್ನು ಹೀಗೆ ಬಳಸಿ. ವಾರದಲ್ಲಿ ಮಾಡಿಸಿದ್ದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ತನ್ನಿ, ಎದುರಿನಿಂದ ಅಲ್ಲ, ಪಕ್ಕದಿಂದ. ಮೈ ಬಾಗುವುದು, ಭುಜ ಏರುವುದು ಪಕ್ಕದಿಂದಲೇ ಕಾಣುವುದು. ಮಾಡಿಸುವವರು ಯಾರೋ ಅವರೇ ಬನ್ನಿ. ನಮ್ಮಲ್ಲಿ ಮಾಡಿಸುವವಳು ಸೊಸೆ, ಬರುವವನು ಮಗ. ಅಲ್ಲಿ ಥೆರಪಿಸ್ಟ್ ಎದುರು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಿ. ಹೊರಡುವಾಗ ಮೂರು ಬೇಡ, ಎರಡೇ ಕೆಲಸ ಕೇಳಿ ಬರೆಸಿಕೊಳ್ಳಿ: ಈ ವಾರ ಯಾವ ವಸ್ತು, ಎಷ್ಟು ದೂರದಿಂದ, ಎಷ್ಟು ಸಲ. ಯಂತ್ರಕ್ಕೆ ಹಾಕಿ ಹತ್ತು ನಿಮಿಷದಲ್ಲಿ ಕಳಿಸಿದರೆ ಕೈಯ ಕೆಲಸ ಹೇಳಿಕೊಡಿ ಎಂದು ಕೇಳಲು ಸಂಕೋಚ ಬೇಡ, ಶುಲ್ಕ ಕೊಟ್ಟಿದ್ದೀರಿ.